ಆಯಿ ಅಂದ್ರ ನಮಗ ಅಜ್ಜಿ, ಬಾಜೂ ಮನಿಯವ್ರಿಗೆ ತಾಯಿ. ಈ ಶಬ್ದ ಎಲ್ಲಿಂದ ಬಂತ್ರಿ?

ಇಂಡಿ_ನಿಂಬಿತೋಟ

ಎಲ್ಲಾರಿಗೂ ನಮಸ್ಕಾರ. ನಾ ಮೂಲ ಇಂಡಿ ತಾಲೂಕಿನವ, ನೌಕರಿ ಬೆಳಗಾವ್ಯಾಗ, ಒಂಬತ್ತು ವರ್ಷ ಆತು. ಹೋದ ತಿಂಗಳ ನಮ್ಮ ಆಯಿ ತೀರ್ಕೊಂಡ್ಳು. ಆಯಿ ಅಂದ್ರ ನಮ್ಮಪ್ಪನ ತಾಯಿ, ವಿಜಯಪುರ ಕಡಿ ಮನಿಮನ್ಯಾಗ ಆಯಿ-ಮುತ್ಯಾ ಅಂತೀವಲ್ಲ, ಆ ಆಯಿ. ರಾತ್ರಿ ಹನ್ನೊಂದರ ಸುಮಾರಿಗೆ ಊರಿಂದ ಫೋನ್ ಬಂತು, ಕೈಕಾಲು ಆಡಲಿಲ್ಲ, ಆಫೀಸಿನ ವಾಟ್ಸಾಪ್ ಗ್ರೂಪಿಗೆ "ಆಯಿ ಹೋದ್ಳು, ಊರಿಗೆ ಹೊಂಟೀನಿ" ಅಂತ ಇಷ್ಟ ಹಾಕಿ ಸಿಕ್ಕ ಬಸ್ ಹತ್ತಿದೆ.

ನಮ್ಮ ಆಫೀಸಿನ್ಯಾಗ ಅರ್ಧಕ್ಕರ್ಧ ಮಂದಿ ಮನ್ಯಾಗ ಮರಾಠಿ ಮಾತಾಡವ್ರು. ಅವರಾಗ ಒಬ್ಬ ನನ್ನ ಜೀವದ ಗೆಳೆಯ, ಅವನ ತಾಯಿ ಎರಡು ವರ್ಷದ ಹಿಂದ ಹೋಗ್ಯಾರ. ಅವ ನನ್ನ ಮೆಸೇಜ್ ಓದಿ ನನ್ನ ಹಡದವ್ವನ ಹೋದ್ಳು ಅಂತ ತಿಳ್ಕೊಂಡು ರಾತ್ರೋರಾತ್ರಿ ಕಾರ್ ತಗೊಂಡು ಒಬ್ಬನ ಹೊಂಟು ಬೆಳಿಗ್ಗೆ ನಮ್ಮೂರಿಗೆ ಬಂದಾನ. ಅಂಗಳದಾಗ ಕುಂತಿದ್ದ ನಮ್ಮವ್ವ ಅವನ್ನ ನೋಡಿ ಎದ್ದು ಬಂದು "ಬಾ ತಮ್ಮಾ, ಎಷ್ಟೊತ್ತಿಗೆ ಹೊಂಟಿದ್ದಿ" ಅಂದ್ಳು. ಅವ ಅಕೀನ್ನ ನೋಡಿ ನಿಂತಲ್ಲೇ ನಿಂತ. ಬಾಯಿಂದ ಮಾತ ಬರಲಿಲ್ಲ, ಆಮ್ಯಾಲೆ ಬಗ್ಗಿ ಅಕೀ ಎರಡೂ ಕಾಲು ಹಿಡಕೊಂಡು ಸಣ್ಣ ಹುಡುಗನಂಗ ಅತ್ತ. ಮಂದಿ ಎಲ್ಲಾ ಯಾರೋ ಹತ್ತಿರದ ಸಂಬಂಧಿಕ ಇರಬೇಕು ಅಂದ್ಕೊಂಡ್ರು. ಮಣ್ಣು ಮುಗಿಸಿ ಹೊಲದ ಬದುವಿನ್ಯಾಗ ಕುಂತಾಗ ಹೇಳಿದ, ದಾರಿ ತುಂಬಾ ನಿನ್ನ ತಾಯಿ ಸಲುವಾಗಿ ಅತ್ತೀನಿ ಮಾರಾಯಾ, ನನಗ ಆಯಿ ಅಂದ್ರ ಒಬ್ಬಾಕೀನ, ನಿಮಗ ಬ್ಯಾರೆ ಆಯಿ ಇರ್ತಾಳ ಅಂತ ಗೊತ್ತಿರಲಿಲ್ಲ ಅಂತ.

ಅದಾದ ಮ್ಯಾಲೆ ದಿವಸಕ್ಕ ಅಂತ ಬೆಳಗಾವ್ಯಾಗ ಒಂದ ಕಡಿ ಫೋಟೋ ದೊಡ್ಡದು ಮಾಡಿಸ್ಲಿಕ್ಕೆ ಕೊಟ್ಟಿದ್ದೆ. ನಮ್ಮ ಆಯಿ ಫೋಟೋ ಅದರೀ, ಕೆಳಗ ಛಂದಂಗ ಹೆಸರು ಹಾಕ್ರಿ ಅಂದೆ. ಅವರು ಹೆಸರಿನ ಮುಂದ "ಮಾತೋಶ್ರೀ" ಅಂತ ಹಾಕಿ ಫ್ರೇಮ್ ಸುದ್ದಾ ಕಟ್ಟಿ ಕೊಟ್ಟಾರ. ಅವರ ತಪ್ಪೂ ಅಲ್ಲ, ಅವರಿಗೆ ಆಯಿ ಅಂದ್ರ ತಾಯಿನ.

ಈಗ ನನ್ನ ತಲ್ಯಾಗ ಒಂದ ಪ್ರಶ್ನೆ ಕುಂತದ. ಅದೇ ಎರಡಕ್ಷರ, ನಡುವ ಒಂದು ಹೊಳಿ ದಾಟಿದ್ರ ಅಜ್ಜಿ ಹೋಗಿ ತಾಯಿ ಹೆಂಗ ಆಗ್ತಾಳ? ಯಾರು ಯಾರಿಂದ ತಗೊಂಡಾರ? ತಿಳದವ್ರು ಹೇಳ್ರಿ, ಇದು ನನಗ ಬರೇ ಶಬ್ದದ ಮಾತಲ್ಲ.

ಟಿಳಕವಾಡಿ_ಕಟ್ಟಿ

ಮೊದಲ ನಿಮ್ಮ ಆಯಿಗೆ ನನ್ನ ನಮಸ್ಕಾರ. ನಮ್ಮ ಮನಿ ಮಾತು ಮರಾಠಿ, ಸಾಲಿ ಕಲ್ತದ್ದು ಕನ್ನಡ, ಅದಕ್ಕ ನಿಮ್ಮ ಗೆಳೆಯಾಗ ಏನಾತು ಅಂಬೋದು ನನಗ ಸರಿ ತಿಳೀತು. ನಮ್ಮಲ್ಲಿ ಆಯಿ ಅಂದ್ರ ಹೆತ್ತಾಕಿ, ಅಜ್ಜಿಗೆ ಆಜಿ. ಎರಡೂ ಕೂಡಿ ಗೊಂದಲ ಆಗೂದ ಇಲ್ಲ. ಇನ್ನೊಂದು ಮಜಾ ಅಂದ್ರ ಮರಾಠ್ಯಾಗ ಆಯಿ ಶಬ್ದದ ಬಹುವಚನ "ಆಯಾ" ಆಗತೈತಿ, ಓಣಿ ಹೆಣ್ಮಕ್ಕಳೆಲ್ಲಾ ಕೂಡಿದ್ರು ಅನ್ನಾಕ "ಆಯಾಬಾಯಾ" ಅಂತೀವಿ. ಅದೇ "ಆಯಾ" ಕನ್ನಡದಾಗ ಅಂದ್ರ ದವಾಖಾನಿ, ಬಾಲವಾಡಿ ಆಯಾ. ಒಂದ ಊರಾಗ ಒಂದ ಶಬ್ದಕ್ಕ ಹಿಂಗ ಮೂರು ಬಾಗಲಾ ಅದಾವ.

ದೇವಿಗೂ ನಾವು ಆಯಿ ಅಂತೀವಿ, ತುಳಜಾಪುರದಾಕಿ ಆಯಿ, ಕೊಲ್ಹಾಪುರದಾಕಿ ಆಯಿ. ಮುಂಬಾದೇವಿ ಆಯಿ, ಅದರಿಂದ ಮುಂಬೈ ಅಂತ ನಮ್ಮಲ್ಲಿ ಎಲ್ಲಾರೂ ಹೇಳೂದು. ಸವದತ್ತಿ ಗುಡ್ಡಕ್ಕ ಭಾರತ ಹುಣ್ಣಿವಿಗೆ ಹೋಗಿ ನೋಡ್ರಿ, ಸಾಂಗ್ಲಿ-ಕೊಲ್ಹಾಪುರ ಮಂದಿ ಆಯಿ ಅಂತ ಕೂಗ್ತಾರ, ನಮ್ಮ ಕಡಿಯವರು ಅವ್ವಾ ಯಲ್ಲಮ್ಮಾ ಅಂತಾರ, ಉಧೋ ಉಧೋ ಅನ್ನೂದು ಮಾತ್ರ ಇಬ್ಬರದೂ ಒಂದ. ಆಶ್ಚರ್ಯ ಆದ್ರ ಬೆಳಗಾವಿ ಹುಡುಗ್ರು "ಆಯ್ಲಾ" ಅಂತಾರಲ್ಲ, ಅದೂ ಇದೇ ಆಯಿನ, ಮನ್ಯಾಗ ಹಿರಿಯರ ಮುಂದ ಅಂದ್ರ ಬೈಸ್ಕೋತೀರಿ.

ನವನಗರ_ಬಾಗಲಕೋಟ

ಇದರಾಗ ಕೇಳೂದೇನೈತ್ರಿ. ಆಯಿ ಮರಾಠಿ ಶಬ್ದ, ಪೇಶವಾಯಿ ಕಾಲದಾಗ ನಮ್ಮ ಕಡಿ ಬಂತು, ನಮ್ಮ ಮಂದಿ ಅರ್ಥ ತಿಳೀದ ಅಜ್ಜಿಗೆ ಹಚ್ಚಿದ್ರು. ವೈನಿ, ಕಾಕಾ, ಮಾವಶಿ ಬಂದಂಗ ಇದೂ ಬಂದೈತಿ ಅಷ್ಟ.

ಶಿರಸಿ_ತವರು

ನವನಗರ ಅವರೇ, ಅಷ್ಟು ಬೇಗ ತೀರ್ಮಾನ ಮಾಡಬೇಡಿ. ನಂದು ತವರು ಶಿರಸಿ, ಹವ್ಯಕರ ಮನೆ, ಮದುವೆಯಾಗಿ ಬೆಳಗಾವಿಗೆ ಬಂದು ಹದಿನಾಲ್ಕು ವರ್ಷ. ನಮ್ಮ ಹವ್ಯಕ ಕನ್ನಡದಲ್ಲಿ ಅಮ್ಮನಿಗೆ ಆಯಿ ಅನ್ನೋದು. ಆಯಿ, ಅಪ್ಪಯ್ಯ. ನನ್ನ ಅಮ್ಮನನ್ನು ನಾನು ಇವತ್ತಿಗೂ ಆಯಿ ಅಂತಲೇ ಕರೆಯೋದು. ನಮ್ಮ ಮನೆಯಲ್ಲಿ ಯಾರಿಗೂ ಮರಾಠಿ ಬರೋದಿಲ್ಲ, ಅಡಿಕೆ ತೋಟ ಬಿಟ್ಟು ಹೊರಗೆ ಹೋದವರೂ ಕಡಿಮೆ.

ಮದುವೆಯಾದ ಹೊಸದರಲ್ಲಿ ಒಂದಿನ ನಮ್ಮತ್ತೆ (ಅವರ ತವರು ಜಮಖಂಡಿ) "ಆಯಿ ಬಂದಾರ, ಚಹಾಕ್ಕಿಡು" ಅಂದರು. ನಾನು ನನ್ನ ಅಮ್ಮ ಹೇಳದೇ ಕೇಳದೇ ಬಂದಿದ್ದಾಳೆ ಅಂತ ಒದ್ದೆ ಕೈಯಲ್ಲೇ ಹೊರಗೆ ಓಡಿದೆ. ಇಳಕಲ್ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿದ ಎಂಬತ್ತು ದಾಟಿದ ಅಜ್ಜಿ ಒಬ್ಬರು ಕಟ್ಟೆ ಮೇಲೆ ಕೂತಿದ್ದರು, ಅತ್ತೆಯ ಅಜ್ಜಿ. ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, ಹತ್ತಿರ ಕರೆದು ಕೂರಿಸಿಕೊಂಡು ಮಡಿಲಲ್ಲಿದ್ದ ಉಂಡಿ ಕೊಟ್ಟರು. ಆವತ್ತಿನಿಂದ ಅವರನ್ನ ನಾನೂ ಆಯಿ ಅಂದೆ, ನನಗೆ ಹಾಗಾಗಿ ಆಯಿ ಇಬ್ಬರು.

ನವನಗರ_ಬಾಗಲಕೋಟ

ಹೌದಾ, ಶಿರಸಿ ಕಡೆನೂ ಐತಿ ಅಂಬೋದು ಗೊತ್ತಿರಲಿಲ್ರಿ ಅಕ್ಕಾ. ಹಂಗಾದ್ರ ನಾ ಹೇಳಿದ್ದು ಅರ್ಧ ತಪ್ಪಾತು.

ನಿವೃತ್ತ_ಕನ್ನಡ_ಮಾಸ್ತರ

ತಡವಾಗಿ ಬರಿಯಾಕತ್ತೀನಿ, ಕಣ್ಣಿನ ಆಪರೇಶನ್ ಆಗೇತಿ, ಮೊಮ್ಮಗ ಟೈಪ್ ಮಾಡಾಕತ್ತಾನ. ಮೂವತ್ತನಾಲ್ಕು ವರ್ಷ ಬಾಗಲಕೋಟ ಜಿಲ್ಲೆದಾಗ ಕನ್ನಡ ಕಲಿಸೇನಿ, ಈ ಶಬ್ದದ ಮ್ಯಾಲೆ ನನಗ ಭಾಳ ಪ್ರೀತಿ.

ಮೊದಲ ಒಂದು ಮಾತು ಕೇಳ್ರಿ. "ತಾಯಿ" ಅಂತ ಅನ್ರಿ, ಸಾವಕಾಶ ಅನ್ರಿ. ಅದರ ಒಳಗ ಆಯಿ ಕೇಳತಾಳೋ ಇಲ್ಲೋ? ಇದು ಬರೇ ಕಿವಿ ಮಾತಲ್ಲ. ಹಳೇ ತಮಿಳಿನ್ಯಾಗ, ಸಂಗಂ ಕಾಲದ ಪದ್ಯಗಳಾಗ, ನನ್ನ ತಾಯಿಗೆ "ಯಾಯ್", ನಿನ್ನ ತಾಯಿಗೆ "ಞಾಯ್", ಅವನ ಅಥವಾ ಅವಳ ತಾಯಿಗೆ "ತಾಯ್" ಅಂತ ಮೂರು ಬ್ಯಾರೆ ಬ್ಯಾರೆ ಶಬ್ದ ಇದ್ದವು. ಕುರುಂತೊಗೈ ಅಂಬೋ ಆ ಕಾಲದ ಪದ್ಯಸಂಗ್ರಹದ 40ನೇ ಪದ್ಯ ಸುರು ಆಗೂದ ಹಂಗ, ನನ್ನ ತಾಯಿ ಯಾರು, ನಿನ್ನ ತಾಯಿ ಯಾರು, ಅವರವರಿಗೆ ಏನು ಸಂಬಂಧ ಅಂತ ಒಬ್ಬ ಪ್ರೇಮಿ ಕೇಳತಾನ. ತಂದೆಗೂ ಹಂಗ, ಎಂದೈ ಅಂದ್ರ ನನ್ನ ತಂದಿ, ನುಂದೈ ನಿನ್ನ ತಂದಿ, ತಂದೈ ಅವನ ತಂದಿ. ಈ "ತ" ಅಂಬೋದು ನಮ್ಮ "ತನ್ನ", "ತಾನು" ಇವುಗಳ "ತ". ತನ್ನ ಆಯ್, ತಾಯ್. ಮುಂದ ಮುಂದ ನನ್ನ-ನಿನ್ನ ಭೇದ ಅಳಿಸಿ ಹೋಗಿ ತಾಯಿ, ತಂದೆ ಎರಡ ಉಳದು ಕನ್ನಡಕ್ಕೂ ಬಂದವು. ಅಂದ್ರ ನಾವು ತಾಯಿ ಅಂದಾಗೆಲ್ಲಾ ಬಾಯಾಗ ಆಯಿನ್ನ ಕರೀತೀವಿ. ತಮಿಳಿನ್ಯಾಗ ಆಯ್, ಆಯಿ, ಆಯಾ ಎಲ್ಲಾ ಅದಾವ, ಎಲ್ಲೆಲ್ಲೋ ತಾಯಿ, ಎಲ್ಲೆಲ್ಲೋ ಅಜ್ಜಿ. ಬರೋ ಮತ್ತು ಎಮಿನೋ ಅಂಬೋ ಇಬ್ಬರು ಪಂಡಿತರು 1961ರಾಗ ದ್ರಾವಿಡ ಭಾಷೆಗಳ ನಿಘಂಟು ತಂದ್ರು, 1984ರಾಗ ಪರಿಷ್ಕರಣ ಆತು, ಅದರಾಗ ಈ ಕುಟುಂಬ ಎಲ್ಲಾ ಒಂದ ಕಡೆ ಕುಂತೈತಿ.

ಈಗ ಎರಡನೇ ದಾರಿ. ನಮ್ಮ ಅಜ್ಜ-ಅಜ್ಜಿ ಶಬ್ದ ದ್ರಾವಿಡ ಅಂತ ಭಾಳ ಮಂದಿ ತಿಳ್ಕೊಂಡಿರತಾರ, ಹಂಗಲ್ಲ. ಸಂಸ್ಕೃತದ ಆರ್ಯಕ ಅಂದ್ರ ಅಜ್ಜ, ಪೂಜ್ಯ ಹಿರಿಯ. ಅದು ಪ್ರಾಕೃತಕ್ಕ ಬಂದು ಅಜ್ಜ ಆತು, ಮರಾಠಿಗೆ ಆಜಾ-ಆಜಿ ಆತು. ಪಾಳಿ ಭಾಷೆದಾಗ ಅದೇ "ಅಯ್ಯಕ", "ಅಯ್ಯಿಕಾ". ಅಯ್ಯಿಕಾ ಅಂದ್ರ ಅಜ್ಜಿ. ಬಾಯಾಗ ಎರಡು ಸಲ ಅಂದು ನೋಡ್ರಿ, ಆಯಿಗೆ ಎಷ್ಟು ಸಮೀಪ ಐತಿ. ಅದಕ್ಕ ಮರಾಠಿ ಆಯಿ ಈ ದಾರೀಲೆ ಬಂದೈತಿ ಅಂತ ಹೇಳವ್ರೂ ಅದಾರ, ದ್ರಾವಿಡದ ಆಯ್ ಅಲ್ಲಿಗೆ ಹೋಗೇತಿ ಅನ್ನವ್ರೂ ಅದಾರ. ನನ್ನ ಅಭಿಪ್ರಾಯ ಕೇಳಿದ್ರ, ನಮ್ಮ ಕನ್ನಡದ ಆಯಿ ತಾಯಿಯ ಬಳಗದಾಕಿನ, ಮರಾಠಿಯಿಂದ ಸಾಲ ತಂದಾಕಿ ಅಲ್ಲ. ಗಡಿ ಸೀಮೆದಾಗ ಆ ಕಡೆ ಈ ಕಡೆ ಒಂದ ನಾದದ ಶಬ್ದ ಇದ್ದದ್ದಕ್ಕ ಎರಡೂ ಗಟ್ಟಿ ಉಳದವು, ಇಷ್ಟು ಹೇಳಬಲ್ಲೆ.

ಇಂಡಿ ತಮ್ಮಾ, ನಿನಗ ಒಂದು ಕಥಿ ಹೇಳೇ ಮುಗಸ್ತೀನಿ. ಪಾಳಿಯ ಸಂಯುತ್ತ ನಿಕಾಯ ಅಂಬೋ ಬೌದ್ಧ ಗ್ರಂಥದಾಗ "ಅಯ್ಯಿಕಾ ಸುತ್ತ" ಅಂತ ಐತಿ. ಕೋಸಲದ ರಾಜ ಪಸೇನದಿ ನಡು ಮಧ್ಯಾಹ್ನ ಬುದ್ಧನ ಕಡೆ ಬರತಾನ. ಇಂಥಾ ಬಿಸಲಾಗ ಯಾಕ ಬಂದಿ ಮಹಾರಾಜಾ ಅಂದ್ರ, ನನ್ನ ಅಯ್ಯಿಕಾ ತೀರ್ಕೊಂಡ್ಳು, ನೂರಾ ಇಪ್ಪತ್ತು ವರ್ಷದಾಕಿ, ಆನಿ ಕೊಟ್ರ ಉಳಸ್ಕೋಬಹುದಾಗಿದ್ರ ಆನಿ ಕೊಡತಿದ್ದೆ, ಕುದರಿ ಕೊಡತಿದ್ದೆ, ಊರಿಗೆ ಊರ ಕೊಡತಿದ್ದೆ ಅಂತ ಅಳತಾನ. ರಾಜ ಇದ್ದವಗೂ ಅಜ್ಜಿ ಹೋದ್ರ ಹಂಗ ಆಗೇತಿ.

ಇಂಡಿ_ನಿಂಬಿತೋಟ

ಸರ್, ಈ ಕಥಿ ನಮ್ಮಪ್ಪಗ ಓದಿ ಹೇಳಿದೆ. ಇನ್ನೊಂದ್ಸಲ ಓದು ಅಂದ.

ರಬಕವಿ_ಮಗ್ಗ

ಮಾಸ್ತರ ಹೇಳಿದ್ದಕ್ಕ ನಂದೊಂದು ಸೇರಿಸ್ತೀನಿ. ಮಗ್ಗದ ಕೆಲಸ ಕಮ್ಮಿ ಆದಾಗ ನಾ ಆರು ವರ್ಷ ತಿರುಪ್ಪೂರದಾಗ ಬನಿಯನ್ ಕಂಪನ್ಯಾಗ ಇದ್ದೆ. ನಾ ಬಾಡಗಿ ಇದ್ದ ಮನ್ಯಾಗ ಹುಡುಗ್ರು ತಾಯಿಯ ತಾಯಿಗೆ "ಅಮ್ಮಾಯಿ" ಅಂತಿದ್ರು, ತಂದಿ ತಾಯಿಗೆ "ಅಪ್ಪಾಯಿ". ಅಮ್ಮನ ಆಯಿ, ಅಪ್ಪನ ಆಯಿ, ಎಷ್ಟು ಹಸನಾಗಿ ಹೊಂದೈತಿ ನೋಡ್ರಿ, ನನಗ ಮೊದಲನೇ ದಿನಾನ ತಿಳದಬಿಟ್ಟಿತ್ತು. ಆಮ್ಯಾಲೆ ಅಲ್ಲೇ ನಮ್ಮ ಲೈನಿನ್ಯಾಗ ಆಂಧ್ರದ ಹುಡುಗ ಬಂದ, ಅವ ಅಮ್ಮಾಯಿ ಅಂದ್ರ ಹುಡುಗಿ ಅಂತಾನ! ತೆಲುಗಿನ್ಯಾಗ ಅಬ್ಬಾಯಿ ಹುಡುಗ, ಅಮ್ಮಾಯಿ ಹುಡುಗಿ. ಕೇರಳದ ಮೇಸ್ತ್ರಿಗೆ ಕೇಳಿದ್ರ ಅವರಲ್ಲಿ ಅಮ್ಮಾಯಿ ಅಂದ್ರ ಮಾವನ ಹೆಂಡ್ತಿ, ಅತ್ತಿ ಅಂತ. ಒಂದ ಶೆಡ್ಡಿನ್ಯಾಗ ಒಂದ ಶಬ್ದ ಕೂಗಿದ್ರ ಒಬ್ಬಗ ಮುದುಕಿ, ಒಬ್ಬಗ ಅತ್ತಿ, ಒಬ್ಬಗ ಹದಿನೆಂಟರ ಹುಡುಗಿ. ನಮ್ಮ ಆಯಿ ಬರೇ ಎರಡ ಅರ್ಥಕ್ಕ ನಿಂತಾಳ, ಅದ ಪುಣ್ಯ.

ಬೈಲಹೊಂಗಲ_ಮಾಜಿಫೌಜಿ

ಜೈ ಹಿಂದ್. ನಾ ಇಪ್ಪತ್ತೆರಡು ವರ್ಷ ಸರ್ವಿಸ್ ಮಾಡೇನಿ, ಆಸಾಮದಾಗ ಎರಡು ಸಲ, ಒಡಿಶಾದಾಗ ಒಂದ ಸಲ. ಆಸಾಮಿ ಭಾಷೆದಾಗ ತಾಯಿಗೆ "ಆಯ್" ಅಂತಾರ, ಈಗಿನ ಹುಡುಗ್ರು ಮಾ ಅಂದ್ರೂ ಹಳ್ಳ್ಯಾಗ ಕೇಳೇನಿ. ಸಿಡುಬಿನ ದೇವಿಗೂ ಅವರು ಆಯ್ ಅಂತಾರ, ಹೆಣ್ಮಕ್ಕಳು ಕೂಡಿ ಕುಂತು ಅಕೀ ಹಾಡು ಹೇಳ್ತಾರ. ನಮ್ಮ ಕಡೆ ಮೈಮ್ಯಾಲೆ ಅಮ್ಮ ಬಂದಾಳ ಅಂತೀವಲ್ಲ, ಥೇಟ್ ಹಂಗ. ಸಾವಿರಾರು ಮೈಲಿ ದೂರ, ನಮ್ಮವ್ವ ಬೇವಿನ ಟೊಂಗಿ ಹಿಡ್ಕೊಂಡು ನನ್ನ ಬಾಜೂಕ ಕುಂತಿದ್ದು ನೆನಪಾಗಿ ಡ್ಯೂಟಿ ಮ್ಯಾಲೆ ಕಣ್ಣಾಗ ನೀರ ಬಂದಿದ್ವು.

ಒಡಿಶಾದಾಗ ನೋಡಿದ್ರ ಉಲ್ಟಾ. ಅಲ್ಲಿ ತಾಯಿಯ ತಾಯಿಗೆ ಆಯಿ, ತಾಯಿಯ ತಂದಿಗೆ ಅಜಾ. ನಿಮ್ಮ ವಿಜಯಪುರ ಆಯಿ-ಮುತ್ಯಾ ಇದ್ದಂಗ ಅಲ್ಲಿ ಅಜಾ-ಆಯಿ. ಹಂಗಾಗಿ ಅಜ್ಜಿ ಅರ್ಥ ತಪ್ಪು ಅಂತ ಯಾರೂ ಅನ್ನಬ್ಯಾಡ್ರಿ, ಆ ಅರ್ಥಕ್ಕ ಒಡಿಶಾ ತನಕ ನೆಂಟರದಾರ.

ಗುಮ್ಮಟದ_ಬಾಜೂಕ

ನಮ್ಮ ಮನ್ಯಾಗ ದಖ್ಖನಿ ಮಾತಾಡ್ತೀವಿ, ವಿಜಯಪುರ ಶಹರದಾಗ ಇರೂದು. ನಮಗ "ಆಯಿ" ಅಂದ್ರ ಬಂದ್ಳು ಅಂತ ಅರ್ಥ. ಬಾಜೂ ಮನಿ ಹುಡುಗ ಆಯಿ ಆಯಿ ಅಂತ ಓಡಿ ಹೋಗ್ತಿದ್ರ ಸಣ್ಣಾವ ಇದ್ದಾಗ ನಾ, ಯಾರು ಬಂದ್ರು, ಅಂತ ಕೇಳ್ತಿದ್ದೆ. ಇನ್ನ "ಆಯತ್" ಅಂತ ಒಂದ ಅದ, ಅರಬ್ಬಿ ಶಬ್ದ, ಕುರಾನಿನ ವಾಕ್ಯ, ಮೂಲ ಅರ್ಥ ಗುರುತು ಅಂತ. ಇಬ್ರಾಹಿಂ ರೋಜಾದ ಗ್ವಾಡಿ ಮ್ಯಾಲೆ ಕಲ್ಲಾಗ ಕೆತ್ಯಾರಲ್ಲ, ಅವು ಆಯತ್. ಅದಕ್ಕೂ ಆಯಿಗೂ ಸಂಬಂಧ ಇಲ್ಲ, ಕಿವಿಗೆ ಅಷ್ಟ ಹತ್ತಿರ. ಖರೇ ಹೇಳ್ಬೇಕಂದ್ರ ನಮ್ಮ ಓಣ್ಯಾಗಿನ ಲಿಂಗಾಯತರ ಆಯಿ ನಮಗೂ ಆಯಿನ ಇದ್ಳು, ಈದ್ ದಿನ ಅಕೀ ಮನಿಗೆ ಸುರಕುಂಬಾ ಕೊಟ್ಟ ಬಂದ ಮ್ಯಾಲೆನ ನಮ್ಮಮ್ಮಿ ನಮಗ ಕೊಡ್ತಿದ್ಳು.

ವಾರ್ಡ್_ನಂಬರ್_ಏಳು

ನಾ ಬೆಳಗಾವ್ಯಾಗ ನರ್ಸ್. ಆಯಾ ಶಬ್ದದ ಮಾತು ಬಂತಲ್ಲ, ಅದಕ್ಕ ಬರೀತೀನಿ. ಹೋದ ವರ್ಷ ಮಕ್ಕಳ ವಾರ್ಡಿನ್ಯಾಗ ಸಿಂದಗಿ ಕಡಿಯ ಒಂದು ಕೂಸು ಅಡ್ಮಿಟ್ ಆಗಿತ್ತು, ನಾಲ್ಕು ವರ್ಷದ್ದು, ಡೆಂಗ್ಯೂ. ರಾತ್ರಿ ಎರಡಕ್ಕ ಎದ್ದು ಒಂದೇ ಸಮನ ಆಯೀ ಆಯೀ ಅಂತ ಅಳಾಕ ಹತ್ತಿತು. ನಮ್ಮ ವಾರ್ಡಿನ ಆಯಾ ತನ್ನನ್ನ ಕರೀತೈತಿ ಅಂತ ಓಡಿ ಬಂದ್ಳು. ಬಾಜೂ ಬೆಡ್ಡಿನ ಮರಾಠಿ ಬಾಯಿ ಅದರ ತಾಯಿನ್ನ ಎಬ್ಬಿಸಿ ಕರಕೊಂಡು ಬಂದ್ರು. ಕೂಸು ತಾಯಿನ್ನೂ ದೂಡ್ತು, ಆಯಾನ್ನೂ ದೂಡ್ತು, ಅಳೂದು ನಿಲ್ಲಸ್ಲಿಲ್ಲ. ಅದಕ್ಕ ಬೇಕಾದಾಕಿ ಊರಾಗ ಇದ್ಳು. ಕಡೀಕ ಆ ತಾಯಿ ಊರಿಗೆ ಫೋನ್ ಹಚ್ಚಿ ಕೂಸಿನ ಕಿವಿಗೆ ಹಿಡದ್ಳು, ಆ ಕಡಿಯಿಂದ ಆಯಿ "ಯಾಕೋ ನನ ಬಂಗಾರಾ" ಅಂದದ್ದು ನನಗೂ ಕೇಳ್ತು. ಹತ್ತು ನಿಮಿಷಕ್ಕ ಮಲಗ್ತು. ಸಲೈನ್ ಹಚ್ಚಿದ ಕೈ ಮಾತ್ರ ಫೋನ್ ಬಿಟ್ಟಿರಲಿಲ್ಲ.

ನನ್ನ ಪ್ರಶ್ನೆ, ಈ ಆಯಾ ಶಬ್ದ ಆಯಿಯಿಂದನ ಆಗೇತೇನು ಇಲ್ಲ ಇಂಗ್ಲಿಷಿನದೇನು?

ಖಾನಾಪುರ_ಘಟ್ಟ

ಸಿಸ್ಟರ್, ಇಂಗ್ಲಿಷಿನವ್ರು ಅದನ್ನ ನಮ್ಮ ದೇಶದಿಂದ ಒಯ್ದಾರ, ನಮ್ಮ ದೇಶಕ್ಕ ಬಂದದ್ದು ಪೋರ್ತುಗೀಜರಿಂದ. ಪೋರ್ತುಗೀಜದಾಗ "ಆಯಾ" ಅಂದ್ರ ಮಕ್ಕಳನ್ನ ನೋಡ್ಕೊಳ್ಳಾಕಿ, ಗಂಡಸು ಶಿಕ್ಷಕ ಇದ್ರ "ಆಯೋ". ಸ್ಪ್ಯಾನಿಷಿನ್ಯಾಗೂ ಹಂಗ. ಗೋವಾ ಆವಾಗ ವಿಜಯಪುರದ ಆದಿಲ್‌ಶಾಹಿ ಕೈಯಾಗ ಇತ್ತು, 1510ರಾಗ ಪೋರ್ತುಗೀಜರ ಅಲ್ಬುಕರ್ಕ್ ಅದನ್ನ ಕಸಗೊಂಡ. ಅಲ್ಲಿಂದ ನಾಲ್ಕುನೂರಾ ಐವತ್ತು ವರ್ಷ ಅವರು ನಮ್ಮ ಬೆನ್ನಿಗೇ ಇದ್ರು, ನಮ್ಮ ಖಾನಾಪುರದಿಂದ ಘಟ್ಟ ಇಳದ್ರ ಗೋವಾ. ಬಟಾಟಿ, ಪಾವು, ಚಾವಿ ಎಲ್ಲಾ ಆ ದಾರೀಲೆ ಬಂದಾವ, ಆಯಾನೂ ಹಂಗ.

ಈಗ ಮುಖ್ಯ ಮಾತು ಕೇಳ್ರಿ. ಆ ಪೋರ್ತುಗೀಜ ಆಯಾ ಎಲ್ಲಿಂದ ಬಂತು ಅಂದ್ರ ಲ್ಯಾಟಿನಿನ "ಆವಿಯಾ"ದಿಂದ ಅಂತ ನಿಘಂಟುಗಳು ಹೇಳ್ತಾವ, ಮತ್ತ ಲ್ಯಾಟಿನಿನ್ಯಾಗ ಆವಿಯಾ ಅಂದ್ರ ಅಜ್ಜಿ! ರೋಮಿನ ಅಜ್ಜಿ ಹಡಗ ಹತ್ತಿ ಗೋವಾಕ್ಕ ಬರೂದ್ರಾಗ ಕೂಸು ಆಡಿಸಾಕಿ ಆಗಿದ್ಳು. ನಾ ಇದನ್ನ ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನ ಕುಂತಿದ್ದೆ.

ಆ ಆಯಾಗಳ ಕಥಿನೂ ಗೊತ್ತಿರಬೇಕು. ಬ್ರಿಟಿಷ್ ಮಂದಿ ಹಡಗಿನ್ಯಾಗ ಮಕ್ಕಳನ್ನ ನೋಡ್ಕೊಳ್ಳಾಕ ಇಲ್ಲಿಯ ಹೆಣ್ಮಕ್ಕಳನ್ನ ಲಂಡನ್ನಿಗೆ ಕರಕೊಂಡು ಹೋಗ್ತಿದ್ರು, ಅಲ್ಲಿ ಮುಟ್ಟಿದ ಮ್ಯಾಲೆ ಎಷ್ಟೋ ಮಂದಿಗೆ ಹೊಳ್ಳಿ ಬರೂ ಟಿಕೀಟು ಕೊಡದ ಕೈಬಿಟ್ಟಾರ. ಅಂಥವ್ರಿಗಂತನ ಲಂಡನ್ನಿನ್ಯಾಗ ಆಯಾಗಳ ಮನಿ ಇತ್ತು, 1900ರಾಗ ಅದು ಹ್ಯಾಕ್ನಿ ಅಂಬೋ ಭಾಗಕ್ಕ ಬಂತು. 2022ರಾಗ ಆ ಮನಿ ಗ್ವಾಡಿಗೆ ನೆನಪಿನ ನೀಲಿ ಫಲಕ ಹಚ್ಯಾರ. ಯಾರ್ಯಾರದೋ ಆಯಿ, ಯಾರ್ಯಾರದೋ ಅವ್ವ, ಪರದೇಶದಾಗ ಮಂದಿ ಕೂಸು ಆಡಿಸಿ ತಮ್ಮ ಕೂಸು ನೋಡದ ಇದ್ದಾರ.

ಸೆಮಿಸ್ಟರ್_ಐದು

ಗುರುಗಳೇ ನಂದೊಂದು ಥಿಯರಿ. ಚೀನಿ ಭಾಷೆದಾಗ "ಆಯೀ" ಅಂದ್ರ ಮಾವಶಿ, ಮನಿಗೆಲಸ ಮಾಡ್ಲಿಕ್ಕೆ, ಮಕ್ಕಳನ್ನ ನೋಡ್ಲಿಕ್ಕೆ ಬರೋರಿಗೂ ಆಯೀ ಅಂತಾರ. ಗ್ರೀಕಿನ್ಯಾಗ ಅಜ್ಜಿಗೆ "ಯಾಯಾ". ಇಷ್ಟೆಲ್ಲಾ ಕೂಡಿದ ಮ್ಯಾಲೆ ಜಗತ್ತಿನ್ಯಾಗ ಎಲ್ಲಾ ಭಾಷೆಗೂ ಮೂಲ ಒಂದ ಅಂತ ಆಯ್ತಲ್ಲ?

ನಿವೃತ್ತ_ಕನ್ನಡ_ಮಾಸ್ತರ

ಆಗಲಿಲ್ಲ ತಮ್ಮಾ. ಹುರುಪು ಛಲೋ, ಆದ್ರ ಕಿವಿಗೆ ಕೂಡಿದ್ದೆಲ್ಲಾ ರಕ್ತಸಂಬಂಧ ಅಲ್ಲ. ಚೀನಿ ಆಯೀದಾಗ "ಆ" ಅಂಬೋದು ಪ್ರೀತೀಲೆ ಮುಂದ ಹಚ್ಚೂ ಅಕ್ಷರ, "ಯೀ" ಅಂದ್ರ ತಾಯಿಯ ಅಕ್ಕ-ತಂಗಿ, ಕಟ್ಟಡನ ಬ್ಯಾರೆ. ಮಲಯ, ಇಂಡೋನೇಶಿಯಾ ಭಾಷೆದಾಗ "ಆಯಾ" ಅಂದ್ರ ತಂದಿ, ಅದನ್ನೂ ಕೂಡಸ್ತೀಯೇನು? ಕೂಸು ಮೊದಲ ಬಾಯಿ ಬಿಟ್ಟಾಗ ಸುಲಭ ಬರೂ ನಾದ ಕೆಲವೇ ಅದಾವ, ಆ, ಮ, ಪ, ಬ, ಯ. ಹತ್ತಿರ ಇದ್ದ ದೊಡ್ಡವರು ಅದು ನನ್ನನ್ನ ಕರೀತು ಅಂತ ಹಿಗ್ಗಿ ಆ ನಾದಕ್ಕ ಅರ್ಥ ಕೊಡತಾರ. ರೋಮನ್ ಯಾಕೊಬ್ಸನ್ ಅಂಬೋ ಭಾಷಾಶಾಸ್ತ್ರಜ್ಞ ಮಮ್ಮಾ-ಪಪ್ಪಾ ಶಬ್ದಗಳ ಮ್ಯಾಲೆ ಇದನ್ನ 1960ರಾಗ ಬರದಾನ. ಜಾರ್ಜಿಯಾ ದೇಶದಾಗ "ಮಾಮಾ" ಅಂದ್ರ ಅಪ್ಪ, "ದೇದಾ" ಅಂದ್ರ ತಾಯಿ. ಸಂಬಂಧ ಐತಿ ಅನ್ನಬೇಕಂದ್ರ ಒಂದು ಶಬ್ದ ಕೂಡಿದ್ರ ಸಾಲದು, ನೂರು ಶಬ್ದದಾಗ ಅದೇ ಅಕ್ಷರ ಅದೇ ರೀತಿ ಬದಲಾಗಿರಬೇಕು, ತಮಿಳಿಗೂ ನಮಗೂ ಹಂಗ ಆಗೇತಿ, ಚೀನಿಗೆ ಆಗಿಲ್ಲ.

ಸೆಮಿಸ್ಟರ್_ಐದು

ತಿಳೀತ್ರಿ ಸರ್. ಥ್ಯಾಂಕ್ಸ್.

ಇಳಕಲ್_ಸೆರಗು

ಎಲ್ಲಾ ಓದಿದೆ, ಆದ್ರ ಇಂಡಿ ಅಣ್ಣಾರು ಕೇಳಿದ ಮೂಲ ಪ್ರಶ್ನೆಗೆ 'ಹೆಂಗ' ಅಂಬೋದು ಯಾರೂ ಹೇಳಲಿಲ್ಲ. ತಾಯಿ ಇದ್ದಾಕಿ ಅಜ್ಜಿ ಹೆಂಗ ಆಗ್ತಾಳ? ನಾ ಓದಿದಾಕಿ ಅಲ್ಲ, ನಮ್ಮ ಮನ್ಯಾಗ ಕಣ್ಣಮುಂದ ನಡದದ್ದು ಹೇಳ್ತೀನಿ.

ನಾವು ತಾಯಿಗೆ ಅವ್ವಾ ಅಂತಿದ್ವಿ. ಅಜ್ಜಿಗೆ ಅಮ್ಮಾ ಅಂತಿದ್ವಿ, ಹುನಗುಂದ ಕಡೆ ಎಷ್ಟೋ ಮನ್ಯಾಗ ಹಂಗೈತಿ. ಈಗ ನನ್ನ ಅಣ್ಣನ ಮಗಳು ತನ್ನ ತಾಯಿಗೆ ಮಮ್ಮಿ ಅಂತಾಳ, ಸಾಲ್ಯಾಗ ಹಂಗ ಕಲಸ್ಯಾರ. ಆದ್ರ ಅವರಪ್ಪ, ಅಂದ್ರ ನಮ್ಮಣ್ಣ, ನಮ್ಮವ್ವಗ ದಿನಾ ಅವ್ವಾ ಅವ್ವಾ ಅಂತ ಕರೀತಾನ, ಕೂಸು ಅದನ್ನ ಕೇಳಿ ಕೇಳಿ ತಾನೂ ಅಕೀಗೆ ಅವ್ವಾ ಅಂತೈತಿ. ಸಾಲ್ಯಾಗ ಮೇಡಂ ಅವ್ವ ಅಂದ್ರ ಯಾರು ಅಂತ ಕೇಳಿದ್ರ, ಅವ್ವ ಅಂದ್ರ ಗ್ರ್ಯಾಂಡ್‌ಮದರ್ ಅಂತ ಹೇಳಿ ಬಂದೈತಿ! ಅದರ ತಪ್ಪಲ್ಲ, ಅದರ ಮಟ್ಟಿಗೆ ಅವ್ವ ಅಂದ್ರ ಅಜ್ಜಿನ, ತಲ್ಯಾಗ ಎಣ್ಣಿ ಹಚ್ಚಾಕಿ, ಕಡ್ಲಿ ಉಂಡಿ ಸೆರಗಿನ ಗಂಟಿನ್ಯಾಗ ಕಟ್ಟಿ ಇಟ್ಕೊಳ್ಳಾಕಿ. ಇನ್ನ ಇಪ್ಪತ್ತು ವರ್ಷಕ್ಕ ಅದರ ಮಗ ಬಂದು ಕೇಳಿದ್ರ ಅವ್ವ ಅಂದ್ರ ಮೊದಲಿಂದ ಅಜ್ಜಿನ ಅಂತಾನ.

ಆಯಿಗೂ ಹಿಂಗ ಆಗಿರಬೇಕು ಅಂತ ನನಗನಸ್ತೈತಿ. ಮೊದಲ ತಾಯಿ ಇದ್ಳು, ಕೆಳಗ ಅವ್ವ ಅಂತ ಹೊಸಾದೊಂದು ಬಂತು, ಆಯಿ ಒಂದು ಮೆಟ್ಟಲ ಮ್ಯಾಲೆ ಹತ್ತಿದ್ಳು. ಈಗ ಕೆಳಗ ಮಮ್ಮಿ ಬಂದಾಳ, ಅವ್ವ ಮ್ಯಾಲೆ ಹತ್ತಾಕತ್ತಾಳ.

ನಿವೃತ್ತ_ಕನ್ನಡ_ಮಾಸ್ತರ

ತಂಗೀ, ಓದಿಲ್ಲ ಅಂದಿ, ನಾ ಓದಿದವ ಇದನ್ನ ನೋಡಿರಲಿಲ್ಲ. ನೀ ಹೇಳಿದ್ದಕ್ಕ ಬೆಂಬಲನೂ ಐತಿ. ಇದೇ ಅವ್ವ ತೆಲುಗಿನ್ಯಾಗ ಈಗಾಗಲೇ ಅಜ್ಜಿ, ಅವರಲ್ಲಿ ಅವ್ವ ಅಂದ್ರ ಅಜ್ಜಿನ. ತಮಿಳಿನ್ಯಾಗ ಅವ್ವೈ ಅಂದ್ರ ಮುದುಕಿ, ಪೂಜ್ಯ ಹೆಣ್ಣುಮಗಳು, ಅವ್ವೈಯಾರ್ ಅಂತ ಕವಯಿತ್ರಿ ಹೆಸರ ಕೇಳಿರ್ತೀರಿ. ನಿಮ್ಮ ಮನ್ಯಾಗ ಈಗ ಆದದ್ದು ಅಲ್ಲಿ ಎಂದೋ ಆಗಿ ಹೋಗೇತಿ. ಅಜ್ಜಿ ಅಂಬಾಕಿ ಮಕ್ಕಳ ಬಾಯಾಗ ತಾಯಿನ ಆಗಿದ್ದಾಕಿ, ಮೊಮ್ಮಕ್ಕಳು ಆ ಕರೆಯೂ ಶಬ್ದಾನ ಆಸ್ತಿಗತೆ ತಗೋತಾರ.

ಶಿರಸಿ_ತವರು

ಹೌದಲ್ಲ. ನನ್ನ ಮಗ ನಮ್ಮಮ್ಮನಿಗೆ ಏನಂತಾನೆ ಅಂತ ಈಗ ನೆನಪಿಸಿಕೊಂಡೆ. ಆಯಿ ಅಂತಾನೆ. ನಾನು ಕರೆಯೋದನ್ನ ಕೇಳಿ. ಅವನಿಗೆ ಆಯಿ ಅಂದರೆ ಅಜ್ಜಿ. ನನ್ನ ಮನೆಯಲ್ಲೇ ಆಗಿಹೋಗಿದೆ, ಹದಿನಾಲ್ಕು ವರ್ಷದಿಂದ ಗಮನಿಸಿರಲಿಲ್ಲ.

ಟಿಳಕವಾಡಿ_ಕಟ್ಟಿ

ಇದನ್ನ ನಮ್ಮ ಆಯಿಗೆ ಓದಿ ಹೇಳಿದೆ, ನಮ್ಮ ಆಯಿ ಅಂದ್ರ ತಾಯಿ. ಅಕೀ ಅಂದ್ಳು, ಸಣ್ಣಾಕಿ ಇದ್ದಾಗ ನಾನೂ ನಮ್ಮ ಆಜಿಗೆ ಆಯಿ ಅಂತಿದ್ದೆ, ಹಡದಾಕಿಗೆ ವೈನಿ ಅಂತಿದ್ದೆ, ಯಾಕಂದ್ರ ಮನಿ ತುಂಬಾ ಕಾಕಾಗಳು ಅಕೀಗೆ ವೈನಿ ಅಂತಿದ್ರು ಅಂತ. ಇಷ್ಟು ವರ್ಷ ಆತು, ನನಗ ಒಮ್ಮೆನೂ ಹೇಳಿರಲಿಲ್ಲ.

ಇಂಡಿ_ನಿಂಬಿತೋಟ

ಎರಡು ವಾರ ಬಿಟ್ಟು ಬರೀಲಿಕತ್ತೀನಿ, ಊರಿಗೆ ಹೋಗಿ ಬಂದೆ. ಎಲ್ಲಾರ ಬರದದ್ದೂ ರಾತ್ರಿ ಜಗಲಿ ಮ್ಯಾಲೆ ಕುಂತು ಅಪ್ಪಗ ಓದಿ ಹೇಳಿದೆ, ಅವ್ವನೂ ಬಂದು ಕುಂತ್ಳು. ಇಳಕಲ್ ಅಕ್ಕಾರು ಬರದದ್ದು ಓದಿದ ಮ್ಯಾಲೆ ಅಪ್ಪ ಒಂದ ಮಾತು ಹೇಳಿದ, ನಾ ಸಣ್ಣಾವ ಇದ್ದಾಗ ಅಕೀಗೆ ಆಯಿ ಅಂತನ ಕರೀತಿದ್ದೆ, ನಿನ್ನ ಮುತ್ಯಾನ ತಾಯಿ ಹೋದ ಮ್ಯಾಲೆ ಅವ್ವಾ ಅನ್ಲಿಕ್ಕೆ ಸುರು ಮಾಡಿದೆ ಅಂತ. ನಮ್ಮ ಆಯಿಯ ತವರು ಜತ್ತ ಕಡಿದು, ಅಲ್ಲಿ ಕನ್ನಡ ಮರಾಠಿ ಎರಡೂ ನಡೀತಾವ, ಅದೂ ಇರಬಹುದು.

ಮಾತೋಶ್ರೀ ಅಂತ ಹಾಕಿದ ಫೋಟೋ ಬದಲು ಮಾಡಿಸ್ತೀನಿ ಅಂತ ಗ್ವಾಡಿಯಿಂದ ಇಳಿಸ್ಲಿಕ್ಕೆ ಹೋದೆ, ಅಪ್ಪ ಬ್ಯಾಡ ಅಂದ. "ನಿನಗ ಆಯಿ ಇರಬಹುದು, ಈ ಮನಿ ನಂದು, ನನಗ ಅಕೀ ತಾಯಿ, ಸರಿ ಹಾಕ್ಯಾರ" ಅಂದ. ನಾ ಹೊಳ್ಳಿ ಅದ ಮೊಳಿಗೆ ಹಾಕಿ, ಮಾಲಿ ಸರಿ ಮಾಡಿ ಬಂದೆ.

ಬೆಳಗಾವಿ ಮನಿಗೆ ಇನ್ನೊಂದು ಮಾಡಿಸೀನಿ. ಅದರಾಗ ಹೆಸರು ಹಾಕ್ಸಿಲ್ಲ, ಕೆಳಗ ಬರೇ "ಆಯಿ" ಅಂತ ಅದ. ಐತವಾರ ನನ್ನ ಗೆಳೆಯ ಬಂದಿದ್ದ. ಅವಗ ಕನ್ನಡ ಮಾತು ಬರ್ತದ, ಓದ್ಲಿಕ್ಕೆ ಕೂಡಿಸಿ ಕೂಡಿಸಿ ಓದ್ತಾನ. ಚಪ್ಪಲಿ ಬಿಟ್ಟು ಒಳಗ ಬಂದು, ಫೋಟೋದ ಮುಂದ ನಿಂತು, ಆ... ಯಿ... ಅಂತ ಬೆರಳು ಹಚ್ಚಿ ಓದಿದ. ಆಮ್ಯಾಲೆ ಕೈ ಮುಗದು ಅಲ್ಲೇ ಸುಮಾರು ಹೊತ್ತು ನಿಂತಿದ್ದ, ಚಹಾ ಆರ್ತು, ನಾ ಕರೀಲಿಲ್ಲ.